ಬ್ರಿಕ್ ಆದ ಹಳೇ ರೂಟರ್ ಎದ್ದು ಕೂತಿದ್ದು ಹೀಗೆ

ನನ್ನ ಹಳೇ ರೂಟರ್ ಬ್ರಿಕ್ ಆದಾಗ, ಅಂದರೆ ಸಾಫ್ಟ್‌ವೇರ್ ಕೆಟ್ಟು ಇಟ್ಟಿಗೆಯಂತೆ ಕೂತಾಗ, "ಗುಜರಿಗೆ ಹಾಕು, ಹೊಸದು ತಗೋ" ಎಂದವರೇ ಎಲ್ಲ. ಆ ರೂಟರ್ ಈಗ ಏಳೆಂಟು ತಿಂಗಳಿಂದ ಓಪನ್‌ಡಬ್ಲ್ಯುಆರ್‌ಟಿ (ಕಂಪನಿಯ ಸಾಫ್ಟ್‌ವೇರ್ ಬದಲು ರೂಟರ್‌ಗೆ ಹಾಕುವ ಮುಕ್ತ ಸಾಫ್ಟ್‌ವೇರ್) ಹೊತ್ತು ಒಮ್ಮೆಯೂ ಹ್ಯಾಂಗ್ ಆಗದೆ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್‌ನ ಡಬ್ಬ. 4/32 ಆಗಿದ್ದರೆ ಓಪನ್‌ಡಬ್ಲ್ಯುಆರ್‌ಟಿಗೆ ಸಾಲದು, ನಾನೂ ಕೈ ಹಾಕುತ್ತಿರಲಿಲ್ಲ. ಫ್ಯಾಕ್ಟರಿ ಇಮೇಜ್ (ಕಂಪನಿಯ ಸಾಫ್ಟ್‌ವೇರ್ ತೆಗೆದು ಮೊದಲಿಗೆ ಹಾಕುವ ಫೈಲ್) ಮೊದಲ ಸಲವೇ ಸಲೀಸಾಗಿ ಕೂತಿತು. ಎಡವಿದ್ದು ಅಪ್‌ಗ್ರೇಡ್ ಮಾಡುವಾಗ. ಮಾಡೆಲ್ ಹೆಸರು ಒಂದೇ ಅಂತ ಅದರ ಎರಡನೇ ಹಾರ್ಡ್‌ವೇರ್ ಆವೃತ್ತಿ ವಿ2ರ ಸಿಸ್‌ಅಪ್‌ಗ್ರೇಡ್ (ಅಪ್‌ಗ್ರೇಡ್‌ನ) ಫೈಲ್ ಇಳಿಸಿಕೊಂಡೆ. ನನ್ನದು ವಿ1. ಈ ಇಮೇಜ್ ಹೊಂದಲ್ಲ ಅಂತ ರೂಟರ್ ಹೇಳಿಯೇ ಹೇಳಿತು. ನಾನು ಮಹಾ ಜಾಣ, ಎಚ್ಚರಿಕೆ ಮೀರಿ ಫೋರ್ಸ್ ಕೊಟ್ಟೆ. ಆಮೇಲೆ ಪವರ್ ಲೈಟ್ ಬಿಟ್ಟರೆ ಬೇರೇನೂ ಹತ್ತಲಿಲ್ಲ. ಅಡಿಯ ಸ್ಟಿಕ್ಕರ್ ತಿರುಗಿಸಿ ನೋಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ಬೋರ್ಡ್‌ನ ಸೀರಿಯಲ್ ಪಿನ್‌ಗಳಿಗೆ ಲ್ಯಾಪ್‌ಟಾಪ್‌ನಿಂದ ನೇರ ಮಾತಾಡಲು ಮೊದಲು ಯುಎಸ್‌ಬಿ-ಟಿಟಿಎಲ್ ಕೇಬಲ್ ತರಿಸಿದೆ. ರೂಟರ್ ಮಾರಿದರೆ ಬರುವ ದುಡ್ಡಿನ ಅರ್ಧ ಅದಕ್ಕೇ ಹೋಯಿತು. ಬಂದಿದ್ದು 5 ವೋಲ್ಟ್‌ನದು, ಬೋರ್ಡ್‌ನ ಸೀರಿಯಲ್ 3.3. ಇನ್ನೊಂದು ತರಿಸಿದೆ. ಬೆಸುಗೆ ಹಾಕಲು ಹೋಗಿ ಪ್ಯಾಡ್ ಒಂದು ಕಿತ್ತೇ ಬಂತು. ಎರಡು ಕೇಬಲ್ ದಂಡ.

ಉಳಿದಿದ್ದು ಟಿಎಫ್‌ಟಿಪಿ, ಅಂದರೆ ನೆಟ್‌ವರ್ಕ್ ಕೇಬಲ್ ಮೂಲಕ ಲ್ಯಾಪ್‌ಟಾಪ್‌ನಿಂದ ರೂಟರ್ ಫೈಲ್ ಎಳೆದುಕೊಳ್ಳುವ ದಾರಿ. ರೂಟರ್ ಆನ್ ಆದಾಗ ಮೊದಲು ಓಡುವ ಬೂಟ್‌ಲೋಡರ್ ಮುಟ್ಟಿರಲಿಲ್ಲವಲ್ಲ, ಅದೊಂದೇ ಧೈರ್ಯ. ಲ್ಯಾಪ್‌ಟಾಪ್‌ಗೆ ಈ ಬೂಟ್‌ಲೋಡರ್ ಹುಡುಕುವ ವಿಳಾಸ 192.168.0.66 ಕೊಟ್ಟೆ, ಫೈರ್‌ವಾಲ್ ಆಫ್ ಮಾಡಿದೆ, ರೀಸೆಟ್ ಒತ್ತಿ ಹಿಡಿದು ಪವರ್ ಹಾಕಿದೆ. ಇಪ್ಪತ್ತು ಸಲವಾದರೂ ಮಾಡಿರಬೇಕು. ಲ್ಯಾಪ್‌ಟಾಪ್‌ನ ಟಿಎಫ್‌ಟಿಪಿ ಲಾಗ್‌ನಲ್ಲಿ ಒಂದು ಸಾಲೂ ಬೀಳಲಿಲ್ಲ. ಕೊನೆಗೆ ಹೊಳೆಯಿತು. ರೂಟರ್ ಆನ್ ಆದ ಮೇಲೆ ಲ್ಯಾಪ್‌ಟಾಪ್ ಪೋರ್ಟ್‌ನ ಲಿಂಕ್ ಬರಲು ಎರಡು ಮೂರು ಸೆಕೆಂಡ್ ಬೇಕು. ಅಷ್ಟರಲ್ಲಿ ಬೂಟ್‌ಲೋಡರ್ ಫೈಲ್ ಕೇಳಿ, ಸಿಗದೆ ಮುಂದೆ ಹೋಗಿರುತ್ತದೆ. ಮೂಲೆಯಲ್ಲಿ ಬಿದ್ದಿದ್ದ ಹಳೇ ಸ್ವಿಚ್ ಒಂದನ್ನು ಮಧ್ಯೆ ಸಿಕ್ಕಿಸಿದೆ. ಲ್ಯಾಪ್‌ಟಾಪ್ ಕಡೆಯ ಲಿಂಕ್ ಈಗ ಬೀಳುವುದೇ ಇಲ್ಲ. ಮುಂದಿನ ಸಲಕ್ಕೇ ಫೈಲ್ ಎಳೆದುಕೊಂಡಿತು! ರೀಸೆಟ್ ಎಷ್ಟು ಹೊತ್ತಿಗೆ ಬಿಡಬೇಕು ಅನ್ನುವ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ.

ಎದ್ದ ಮೇಲೂ ಅರ್ಧ ಗಂಟೆ ಸತ್ತೇ ಹೋಗಿದೆ ಅಂದುಕೊಂಡಿದ್ದೆ. ನಾನು ಸುಮ್ನೆ ಹಳೇ ವಿಳಾಸ 192.168.0.1ರ ಬಾಗಿಲು ಬಡಿಯುತ್ತಿದ್ದೆ, ಅದು ಓಪನ್‌ಡಬ್ಲ್ಯುಆರ್‌ಟಿಯ ವಿಳಾಸ 192.168.1.1ರಲ್ಲಿ ಕೂತಿತ್ತು. ಅದರಲ್ಲಿ ವೈಫೈ ಹೇಗೂ ಮೊದಲಿಗೆ ಆಫ್ ಅಲ್ವಾ.

ಸುಮ್ಮನಿರಲಾರದೆ ಜಾಹೀರಾತು ಸೈಟ್‌ಗಳ ಪಟ್ಟಿ ನೋಡಿ ತಡೆಯುವ ಆಡ್‌ಬ್ಲಾಕ್ ಹಾಕಿದೆ. ದೊಡ್ಡ ಪಟ್ಟಿ ಇಳಿಸಿದ ಕೂಡಲೇ ರ‍್ಯಾಮ್ ಮುಗಿದು ರೀಬೂಟ್, ಮತ್ತೆ ರೀಬೂಟ್. ತೆಗೆದೆಸೆದೆ. ಆಮೇಲೆ ಓಪನ್‌ಡಬ್ಲ್ಯುಆರ್‌ಟಿಯ ಇಮೇಜ್ ಬಿಲ್ಡರ್‌ನಲ್ಲಿ ಬೇಡದ ಪ್ಯಾಕೇಜ್ ಕಿತ್ತು, ಎಸ್‌ಕ್ಯೂಎಂ (ಲೈನ್ ತುಂಬಿದಾಗ ತಡ ಆಗದಂತೆ ದಟ್ಟಣೆ ನಿಭಾಯಿಸುವ ಪ್ಯಾಕೇಜ್) ಸೇರಿಸಿ ಸ್ವಂತ ಇಮೇಜ್ ಕಟ್ಟಿದೆ. ಆಮೇಲೆ ಹಾಕುವುದಕ್ಕಿಂತ ಹೀಗೆ ಒಳಗೇ ಸೇರಿಸಿದರೆ ಫ್ಲ್ಯಾಶ್‌ನಲ್ಲಿ ಜಾಗ ಜಾಸ್ತಿ ಉಳಿಯುತ್ತದೆ. 50 ಎಂಬಿಪಿಎಸ್ ಲೈನ್‌ಗೆ ಎಸ್‌ಕ್ಯೂಎಂನ ಕೇಕ್ ಎಂಬ ವಿಧಾನದಲ್ಲಿ ಮಿತಿ 45 ಇಟ್ಟಿದ್ದೇನೆ. ಅಪ್‌ಲೋಡ್ ನಡೆಯುವಾಗ 300 ಮಿಲಿಸೆಕೆಂಡ್ ಹತ್ತಿರ ಹೋಗುತ್ತಿದ್ದ ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ) ಈಗ 30ರ ಆಸುಪಾಸು.

ಗುಜರಿಗೆ ಹಾಕು ಎಂದವರಲ್ಲೇ ಒಬ್ಬರು ಮೊನ್ನೆ ತಮ್ಮ ರೂಟರ್ ತಂದಿಟ್ಟು ಹೋಗಿದ್ದಾರೆ. ಸ್ಟಿಕ್ಕರ್ ಅರ್ಧ ಹರಿದಿದೆ, ವರ್ಷನ್ ನಂಬರ್ ಇರುವ ಅರ್ಧವೇ ಇಲ್ಲ. ಚಿಪ್ ಮೇಲಿನ ಅಕ್ಷರ ಓದಲು ಡಬ್ಬ ಬಿಚ್ಚಿಟ್ಟಿದ್ದೇನೆ.