ಪದರದಿಂದ ಪದರಕ್ಕೆ ನಂಟು ಎಷ್ಟು? ನ್ಯೂರಾನ್ ಸಂಪರ್ಕದ ಲೆಕ್ಕ ಹಾಕುವ ಬಗೆ

ಮಿದುಳಿನ ಹೊರಹೊದಿಕೆಯಾದ ಕಾರ್ಟೆಕ್ಸ್‌ನ ನಾಲ್ಕನೇ ಪದರದ ನ್ಯೂರಾನ್ ಮೇಲಿನ ಎರಡು–ಮೂರನೇ ಪದರದ ನ್ಯೂರಾನಿಗೆ ಸಂಪರ್ಕ ಹೊಂದಿರುವ ಸಂಭವ ಎಷ್ಟು? ಸಿಕ್ಕ ಸಂಪರ್ಕಗಳನ್ನು ಪರೀಕ್ಷಿಸಿದ ಜೋಡಿಗಳಿಂದ ಭಾಗಿಸಿದರೆ ಉತ್ತರ. ಎಡವುವುದೆಲ್ಲ ಛೇದದಲ್ಲಿ: ಏನೂ ಸಿಗದ ಜೋಡಿಯನ್ನೂ ಪುಸ್ತಕದಲ್ಲಿ ಬರೆದಿಡಲೇಬೇಕು.

ಇಲಿಯ ಮಿದುಳನ್ನು 300 ಮೈಕ್ರೊಮೀಟರ್ ದಪ್ಪಕ್ಕೆ ಸೀಳಿ, 95% ಆಮ್ಲಜನಕ, 5% ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಡುವ ದ್ರಾವಣದಲ್ಲಿಡಿ. ಪಿರಮಿಡ್ ಆಕಾರದ ನ್ಯೂರಾನಿನ ಮೇಲ್ಮುಖ ಡೆಂಡ್ರೈಟ್ (ಸಂಕೇತ ಪಡೆಯುವ ಕವಲು) ಸ್ಲೈಸ್‌ನ ಮೇಲ್ಮೈಗೆ ಸಮಾನಾಂತರವಾಗಿ ಓಡುತ್ತಿದೆಯೇ ನೋಡಿ. ಓರೆಯಾಗಿದ್ದರೆ ಪದರ ದಾಟುವ, ಸಂಕೇತ ಒಯ್ಯುವ ಎಳೆಗಳಾದ ಆಕ್ಸಾನ್‌ಗಳೇ ತುಂಡಾಗಿ ಸಂಪರ್ಕ ಕಡಿಮೆ ಕಾಣುತ್ತದೆ. ಮೇಲ್ಮೈಯಿಂದ 50 ಮೈಕ್ರೊಮೀಟರಾದರೂ ಆಳದ ಕೋಶಗಳನ್ನೇ, ಜೋಡಿಯ ಒಂದೊಂದಕ್ಕೂ ಒಂದು ಪಿಪೆಟ್ (ವಿದ್ಯುತ್ ಅಳೆಯುವ ಸಪೂರ ಗಾಜಿನ ನಳಿಕೆ) ತಾಗಿಸಿ, ಹಿಡಿಯಿರಿ. ಬೆಂಗಳೂರಿನ ರಸ್ತೆಬದಿ ಕಟ್ಟಡವಾದರೆ ಕಂಪನ ತಡೆಯುವ ಟೇಬಲ್ ಇಲ್ಲದೆ ಕೂರಬೇಡಿ. ಬಿಎಂಟಿಸಿ ಬಸ್ಸೊಂದು ಹಂಪ್ ಹಾರಿದರೂ ಪಿಪೆಟ್ ಕಳಚೀತು.

ಒಂದು ಕೋಶದಲ್ಲಿ 20 ಹರ್ಟ್ಸ್‌ನಂತೆ ಐದು ಸ್ಪೈಕ್ (ವಿದ್ಯುತ್ ಮಿಡಿತ) ಹೊಡೆಸಿ, ಇನ್ನೊಂದರ ಉತ್ತರವನ್ನು 30ರಿಂದ 50 ಸಲ ದಾಖಲಿಸಿ ಸರಾಸರಿ ತೆಗೆಯಿರಿ. ದುರ್ಬಲ ಸಿನಾಪ್ಸ್ (ಎರಡು ನ್ಯೂರಾನ್‌ಗಳ ಕೂಡುತಾಣ) ಒಂದೆರಡು ಸಲಕ್ಕೆ ಕಾಣುವುದಿಲ್ಲ. ಬೇರೆ ನ್ಯೂರಾನ್‌ಗಳ ಚಟುವಟಿಕೆಗೆ ತಡೆಯೊಡ್ಡುವ ಕೋಶಗಳದು ಇನ್ನೊಂದು ತೊಡಕು. ಅವುಗಳ ಸಂಕೇತ ಹೊರುವ ಕ್ಲೋರೈಡ್ ಅಯಾನಿನ ಸಮತೋಲನ ವೋಲ್ಟೇಜ್ (ಅದರ ನಿವ್ವಳ ಹರಿವು ನಿಲ್ಲುವ ಮಟ್ಟ) ವಿಶ್ರಾಂತಿ ವೋಲ್ಟೇಜ್‌ಗೆ ಹತ್ತಿರವಿದ್ದರೆ ಸಂಪರ್ಕವಿದ್ದೂ ದಾಖಲಾಗುವ ಗೆರೆ ಅಲುಗದು. ಕೋಶವನ್ನು −55 ಮಿಲಿವೋಲ್ಟ್‌ಗೆ ಏರಿಸಿ ನೋಡಿ. ಆಮೇಲೆ ದಿಕ್ಕು ತಿರುಗಿಸಿ. ನಾಲ್ಕರಿಂದ ಮೇಲಕ್ಕೆ, ಮೇಲಿನಿಂದ ನಾಲ್ಕಕ್ಕೆ: ಇವು ಎರಡು ಬೇರೆ ಖಾತೆ, ಕೂಡಿಸುವಂತಿಲ್ಲ.

ಹೆಚ್ಚು ಜನ ಮರೆಯುವುದು ದೂರವನ್ನು. ಹತ್ತಿರದ ಜೋಡಿ ಹಿಡಿಯುವುದು ಸುಲಭ, ಹಾಗಾಗಿ ಅವೇ ಜಾಸ್ತಿ ಸೇರಿಕೊಳ್ಳುತ್ತವೆ. ಮಲ್ಲೇಶ್ವರದ ಒಂದೇ ಕ್ರಾಸ್‌ನವರನ್ನು ವಿಚಾರಿಸಿ ಇಡೀ ಊರಿನ ಪರಿಚಯದ ಲೆಕ್ಕ ಹೇಳಿದಂತೆ. ಅಡ್ಡದೂರವನ್ನು 50 ಮೈಕ್ರೊಮೀಟರ್‌ನ ಉಂಗುರಗಳಾಗಿ ವಿಂಗಡಿಸಿ, ಪ್ರತಿ ಉಂಗುರದ ಸಂಭವಕ್ಕೆ ಅದರ ವಿಸ್ತೀರ್ಣದಷ್ಟು ತೂಕ ಕೊಡಿ. 150–200ರ ಉಂಗುರ 0–50ರ ವೃತ್ತಕ್ಕಿಂತ ಏಳು ಪಟ್ಟು ದೊಡ್ಡದು. ಒಳಗೆ 13%, ಹೊರಗೆ 3% ಇದ್ದರೆ ಉತ್ತರವನ್ನು ಎಳೆಯುವುದು ಆ 3%. ಸಂಶೋಧಕರಾದ ಪೋಟ್‌ಯಾನ್ಸ್ ಮತ್ತು ಡೀಸ್ಮನ್ 2014ರಲ್ಲಿ ಪ್ರಕಟಿಸಿದ, 1 ಚದರ ಮಿಲಿಮೀಟರ್‌ನಡಿಯ ಸುಮಾರು 77,000 ನ್ಯೂರಾನ್‌ಗಳ ಕಂಪ್ಯೂಟರ್ ಮಾದರಿಯಲ್ಲೂ ದೂರದ ತಿದ್ದುಪಡಿ ಇದೆ.

ಕೊನೆಗೆ ಅನಿಶ್ಚಿತತೆ. 60 ಜೋಡಿಯಲ್ಲಿ 8 ಸಿಕ್ಕಿವೆ ಎನ್ನಿ: 13.3%. ಇಂಥ ಅನುಪಾತದ ಅನಿಶ್ಚಿತತೆ ಅಳೆಯುವ ವಿಲ್ಸನ್ ಸೂತ್ರದ ಪ್ರಕಾರ 95% ವ್ಯಾಪ್ತಿ 6.9ರಿಂದ 24.2. ಬರೀ 13 ಎಂದು ಬರೆದರೆ ಓದುಗರಿಗೆ ಮೋಸ. 30 ಜೋಡಿಯಲ್ಲಿ ಒಂದೂ ಸಿಗದಿದ್ದರೆ ಕೋಷ್ಟಕದಲ್ಲಿ ಸೊನ್ನೆ ತುಂಬಬೇಡಿ. ‘ಮೂರರ ನಿಯಮ’ದಂತೆ 3ನ್ನು ಜೋಡಿಗಳ ಸಂಖ್ಯೆಯಾದ 30ರಿಂದ ಭಾಗಿಸಿ, ‘ಹೆಚ್ಚೆಂದರೆ 10%’ ಎಂದು ಬರೆಯಿರಿ.