ಕಾರ್ಬ್ ಕಡಿಮೆ ಮಾಡಿದ ಮೊದಲ ಎರಡು ವಾರ ದಾಟುವುದು ಹೇಗೆ?

"ಮೂರನೇ ದಿನಕ್ಕೇ ತಲೆ ಸಿಡಿಯೋಕೆ ಶುರುವಾಯ್ತು, ಇದು ನನ್ನ ಮೈಗೆ ಆಗಿಬರಲ್ಲ" ಎಂದು ಕಾರ್ಬ್ (ಅನ್ನ, ಬ್ರೆಡ್, ಸಿಹಿಯಲ್ಲಿರುವ ಪಿಷ್ಟ, ಸಕ್ಕರೆ) ಕಡಿಮೆ ಮಾಡುವುದನ್ನೇ ಬಿಟ್ಟವರು ನನ್ನ ಸುತ್ತ ಎಷ್ಟೋ ಜನ ಇದ್ದಾರೆ. ಅವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಬಹಳಷ್ಟು ಸಲ ಮೈಗೆ ಬೇಕಾಗಿದ್ದದ್ದು ಉಪ್ಪು ಮತ್ತು ನೀರು, ಅಷ್ಟೇ.

ಆದರೆ ಅದಕ್ಕೂ ಮೊದಲು ಮಾತ್ರೆಯ ವಿಷಯ. ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಅವಳು ಊಟ ಬದಲಿಸುವ ಮುಂಚೆಯೇ ಡಾಕ್ಟರ್ ಹತ್ತಿರ ಹೋದಳು, ಅವರು ಡೋಸ್ ಇಳಿಸಿದರು. ಈ ತರದ ಮಾತ್ರೆ ಅಥವಾ ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ಇದ್ದು, ಕಾರ್ಬ್ ಮಾತ್ರ ಕಡಿಮೆಯಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಎಚ್ಚರ ವಹಿಸಬೇಕು. ಅವರಿಗೆ ಮೀಟರ್‌ನಲ್ಲಿ ಸಕ್ಕರೆ ಅಷ್ಟೇನೂ ಜಾಸ್ತಿ ಕಾಣದಿದ್ದರೂ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ಬಿಪಿ ಮಾತ್ರೆ ನುಂಗುವವರು, ಕಿಡ್ನಿ ತೊಂದರೆ ಇರುವವರು, ಟೈಪ್ 1 ಡಯಾಬಿಟಿಸ್ ಇರುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಯಾರೂ ತಾವಾಗಿಯೇ ಶುರು ಮಾಡಬೇಡಿ. ಈ ಒಂದು ವಿಷಯದಲ್ಲಿ ನಾನು ಯಾರ ಹತ್ತಿರವೂ ರಾಜಿಯಾಗುವುದಿಲ್ಲ.

ಈಗ ತಲೆನೋವಿಗೆ ಬರೋಣ. ನಮ್ಮ ಮೈ ಗ್ಲೂಕೋಸನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಅದರ ಮೂರ್ನಾಲ್ಕು ಪಟ್ಟು. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಕಾರ್ಬ್ ಬರುವುದು ನಿಂತಾಗ ಈ ದಾಸ್ತಾನು ಕರಗಿ, ನೀರೂ ಹೊರಗೆ ಹೋಗುತ್ತದೆ. ಅದೇ ಹೊತ್ತಿಗೆ ಇನ್ಸುಲಿನ್ ಇಳಿಯುವುದರಿಂದ ಕಿಡ್ನಿಗಳು ಉಪ್ಪಿನ ಸೋಡಿಯಂ ಅನ್ನು ಜಾಸ್ತಿ ಹೊರಗೆ ಬಿಡುತ್ತವೆ. ಪದೇ ಪದೇ ಮೂತ್ರ, ತಲೆನೋವು, ಸುಸ್ತು, ಎದ್ದು ನಿಂತರೆ ಕಣ್ಣು ಕತ್ತಲೆ, ರಾತ್ರಿ ಮೀನಖಂಡ ಹಿಡಿಯುವುದು, ಇವಕ್ಕೆಲ್ಲ ಇದು ದೊಡ್ಡ ಕಾರಣ. ಮೊದಲ ವಾರ ತೂಕ ಸರ್ರನೆ ಇಳಿಯುವುದೂ ಹೆಚ್ಚಾಗಿ ನೀರೇ. ಆ ಅಂಕಿ ನೋಡಿ ಕುಣಿಯಬೇಡಿ. ಆಮೇಲೆ ಇಳಿಕೆ ನಿಧಾನವಾದರೆ ಕುಗ್ಗಲೂಬೇಡಿ.

ನಾನು ಟೀಚರ್, ದಿನವಿಡೀ ನಿಂತೇ ಪಾಠ ಮಾಡುವವಳು. ಬೋರ್ಡ್ ಹತ್ತಿರ ತಲೆ ಸುತ್ತಿದರೆ ಮಕ್ಕಳ ಮುಂದೆ ನಿಲ್ಲುವುದೇ ಕಷ್ಟ. ಅದಕ್ಕೇ ಬೆಳಗಿನ ವಿರಾಮಕ್ಕೆ ಫ್ಲಾಸ್ಕ್‌ನಲ್ಲಿ ಬಿಸಿ ಸೂಪ್ ಒಯ್ಯುತ್ತಿದ್ದೆ. ಉಪ್ಪು ನಾಲಿಗೆಗೆ ಚೆನ್ನಾಗಿ ಗೊತ್ತಾಗುವಷ್ಟು ಇರುತ್ತಿತ್ತು. ಕುಡಿದು ಅರ್ಧ ಗಂಟೆಯಲ್ಲಿ ತಲೆ ತಿಳಿಯಾಗುತ್ತಿತ್ತು. ಸೂಪ್ ಆಗದಿದ್ದರೆ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು ಹಾಕಿ ಕುಡಿದರೂ ಆಗುತ್ತದೆ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯಬೇಡಿ, ಇರುವ ಸೋಡಿಯಂ ಕೂಡ ತೆಳುವಾಗುತ್ತದೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಈ ಉಪ್ಪಿನ ಉಪಾಯವನ್ನು ಕೇಳದೆ ಮಾಡಬಾರದು. ಪೊಟ್ಯಾಷಿಯಂ ಮಾತ್ರೆಯನ್ನಂತೂ ಯಾರೂ ಸುಮ್ನೆ ನುಂಗಬಾರದು. ಪಾಲಕ್, ಅಣಬೆ, ಬಾದಾಮಿ, ಕುಂಬಳಬೀಜ ತಿನ್ನಿ. ಪೊಟ್ಯಾಷಿಯಂ, ಮೆಗ್ನೀಷಿಯಂ ಎರಡೂ ಅವುಗಳಲ್ಲೇ ಸಿಗುತ್ತವೆ.

ಎಷ್ಟು ಕಡಿಮೆ ಮಾಡಬೇಕು? ದಿನಕ್ಕೆ 130 ಗ್ರಾಂಗಿಂತ ಕೆಳಗೆ ಬಂದರೆ ಸಾಮಾನ್ಯವಾಗಿ ಕಡಿಮೆ ಕಾರ್ಬ್ ಅನ್ನುತ್ತಾರೆ. 50ಕ್ಕಿಂತ ಕೆಳಗಿನದು ಕೀಟೋ. ಎಲ್ಲರೂ 50ಕ್ಕೆ ಹಾರಬೇಕಿಲ್ಲ, ಅಲ್ವಾ? ನಾನು ಮೊದಲು ಸಿಹಿ ಪಾನೀಯ, ಬಿಸ್ಕತ್ತು ಬಿಟ್ಟೆ. ಆಮೇಲೆ ರಾತ್ರಿಯ ಅನ್ನ. ಕೊನೆಗೆ ಬೆಳಗಿನ ಬ್ರೆಡ್. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಮೈಗೆ ಪೆಟ್ಟು ಕಡಿಮೆ. ಲೆಕ್ಕ ಬೇಕೆನ್ನುವವರಿಗೆ: 100 ಗ್ರಾಂ ಬೇಯಿಸಿದ ಬಿಳಿ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬ್, ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 27, ಒಂದು ಮೊಟ್ಟೆಯಲ್ಲಿ 1 ಗ್ರಾಂ ಕೂಡ ಇಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಿ. ಕಾರ್ಬ್ ಜೊತೆಗೆ ಎಣ್ಣೆ, ಬೆಣ್ಣೆಯನ್ನೂ ಕಡಿತ ಮಾಡಬೇಡಿ. ತಟ್ಟೆಯಿಂದ ಅನ್ನ ತೆಗೆದು ಆ ಜಾಗ ಖಾಲಿ ಬಿಟ್ಟರೆ ಅದು ಉಪವಾಸವೇ ಆಗುತ್ತದೆ. ನಾಲ್ಕು ಗಂಟೆಗೆ ಕೈ ನಡುಗಿ, ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತೀರಿ. ಆ ಜಾಗಕ್ಕೆ ಮೊಟ್ಟೆ, ಮೀನು, ಮಾಂಸ, ಚೀಸ್, ಮೊಸರು, ಎಣ್ಣೆಯಲ್ಲಿ ಬಾಡಿಸಿದ ತರಕಾರಿ ಬರಬೇಕು. ಮೊದಲ ವಾರ ಹೊಟ್ಟೆ ತುಂಬಾ ತಿನ್ನಿ. ಕ್ಯಾಲೊರಿ ಲೆಕ್ಕ ಆಮೇಲೆ ನೋಡಿಕೊಳ್ಳೋಣ.

ಮಲಬದ್ಧತೆ ಬಹಳ ಜನಕ್ಕೆ ಆಗುತ್ತದೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಧಾನ್ಯದ ನಾರು ಹೋದ ಜಾಗಕ್ಕೆ ಸೊಪ್ಪು, ಎಲೆಕೋಸು, ಅಗಸೆಬೀಜ ಬರಲಿ. ಬಾಯಿಯಿಂದ ಬರುವ ವಾಸನೆ ಅಸಿಟೋನ್‌ದು. ಲಿವರ್ ಕೊಬ್ಬಿನಿಂದ ಕೀಟೋನ್ (ಗ್ಲೂಕೋಸ್ ಬದಲಿನ ಇಂಧನ, ಅಸಿಟೋನ್ ಅದರಲ್ಲೊಂದು) ತಯಾರಿಸುತ್ತಿದೆ ಎಂದರ್ಥ, ದಿನ ಕಳೆದಂತೆ ಕಡಿಮೆಯಾಗುತ್ತದೆ. ವ್ಯಾಯಾಮ ಪೂರ್ತಿ ಬಿಡಬೇಡಿ, ಆದರೆ ಓಟದ ಬದಲು ನಡಿಗೆ ಸಾಕು. ಹಳೆಯ ಜೋರು ಬರಲು ಕೆಲವು ವಾರ ಹಿಡಿಯುತ್ತದೆ.

ಸ್ಟಾಫ್ ರೂಮಿನಲ್ಲಿ ಯಾರದೋ ಹುಟ್ಟುಹಬ್ಬ, ಒಂದು ತುಂಡು ಕೇಕ್ ತಿಂದಿರಿ ಅನ್ನಿ. ಮರುದಿನ ತೂಕ ಏರಿದ್ದರೆ ಅದೂ ಹೆಚ್ಚಾಗಿ ನೀರೇ. ಸೋಮವಾರದಿಂದ ಮತ್ತೆ ಶುರು ಎನ್ನಬೇಡಿ, ಮುಂದಿನ ಊಟದಿಂದಲೇ ದಾರಿಗೆ ಬನ್ನಿ.

ಸಾಮಾನ್ಯ ತೊಂದರೆಗಳು ಒಂದೆರಡು ವಾರದಲ್ಲಿ ತಗ್ಗುತ್ತವೆ. ಆದರೆ ನಿಲ್ಲದ ವಾಂತಿ, ಜೋರು ಹೊಟ್ಟೆನೋವು, ಏದುಸಿರು, ಎದೆ ಹೊಡೆದುಕೊಳ್ಳುವುದು, ಗೊಂದಲ ಕಂಡರೆ ಸೂಪ್ ಕುಡಿಯುತ್ತಾ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಎಲ್ಲ ಸರಿಯಿದ್ದರೂ ಶುರು ಮಾಡುವ ಮೊದಲು ಒಮ್ಮೆ, ಮೂರು ತಿಂಗಳ ನಂತರ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಕೆಲವರಿಗೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಹಾಗಾದರೆ ಬೆಣ್ಣೆಯ ಬದಲು ಎಣ್ಣೆ, ಮೀನು, ಬೀಜಗಳ ಕಡೆ ತಿರುಗಿ, ವರದಿಯನ್ನು ಡಾಕ್ಟರ್‌ಗೆ ತೋರಿಸಿ.