ಹಳೇ ಕುರ್ಚಿ ಕೊಳ್ಳುವ ಮುನ್ನ ಮಗುಚಿ ನೋಡಿ

ಕಳೆದ ಮಳೆಗಾಲದಲ್ಲಿ ನನ್ನ ಚಿಕ್ಕಮ್ಮ ಆರು ಊಟದ ಕುರ್ಚಿ ಕೊಂಡರು. ಓರೆ ಕಾಲು, ಬೆತ್ತದ ಬೆನ್ನು, ಥೇಟ್ ಅರವತ್ತರ ದಶಕದ ಮನೆಗಳಲ್ಲಿ ಇರುತ್ತಿದ್ದಂಥವು. ದೀಪಾವಳಿಗೆ ಮನೆ ಗುಡಿಸುವಾಗ ನಾಲ್ಕರ ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಕಂಡಿತು. ಸಂಕ್ರಾಂತಿ ಹೊತ್ತಿಗೆ ಒಂದರ ಕಾಲು ಕಳಚಿ ಕೈಗೇ ಬಂತು. ಅಂಗಡಿಯಲ್ಲಿ ಅವರು ಮುಕ್ಕಾಲು ಗಂಟೆ ಇದ್ದರು, ಪಾಲಿಶ್ ಸವರಿದರು, ಕೂತು ನೋಡಿದರು. ಒಂದನ್ನೂ ಮಗುಚಿ ನೋಡಲಿಲ್ಲ. ಇದೇ ತಪ್ಪನ್ನು ಎಷ್ಟೋ ಮನೆಯವರು ಮಾಡಿದ್ದು ನೋಡಿದ್ದೇನೆ.

ಹೆಜ್ಜೆ 1: ಅಳತೆ
ಬಾಗಿಲು, ಲಿಫ್ಟು, ಮೆಟ್ಟಿಲ ತಿರುವು ಮೂರನ್ನೂ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಹೆಜ್ಜೆ 2: ಹಳೆಯದೋ, ಹಳೇ ನಮೂನೆಯದೋ?
ಎರಡೂ ಸರಿಯೇ, ಆದರೆ ಬೆಲೆ ಬೇರೆ ಬೇರೆ. ಚಂಡೀಗಢ ನಗರ ಕಟ್ಟುವಾಗ ಅಲ್ಲಿನ ಕಚೇರಿಗಳಿಗೆಂದು ಸ್ವಿಸ್ ವಾಸ್ತುಶಿಲ್ಪಿ ಪಿಯೆರ್ ಜಾನ್ನರೆ ಅವರ ನೇತೃತ್ವದಲ್ಲಿ ಸಾಗವಾನಿ ಮತ್ತು ಬೆತ್ತದ ಕುರ್ಚಿಗಳು ತಯಾರಾದವು. ‘ವಿ’ ಅಕ್ಷರವನ್ನು ತಲೆಕೆಳಗಾಗಿಸಿದಂಥ ಕಾಲಿನ ಆ ಕುರ್ಚಿಯ ನಕಲು ಇಂದು ಎಲ್ಲ ಊರಿನಲ್ಲೂ ಸಿಗುತ್ತದೆ. ನಕಲು ಎಂದು ತಿಳಿದೇ ಕೊಂಡರೆ ಒಳ್ಳೆಯ ಕುರ್ಚಿ. ‘ಅಸಲಿ ಚಂಡೀಗಢ’ ಎಂದು ಲಕ್ಷಗಟ್ಟಲೆ ಕೇಳಿದರೆ ಕೈಮುಗಿದು ಹೊರಬನ್ನಿ. ಅಸಲಿಯ ಗುರುತೆಂದು ತೋರಿಸುವ, ಹಲಗೆಯ ಮೇಲೆ ಬಣ್ಣದಲ್ಲಿ ಬರೆದ ಕಚೇರಿ ಸಂಖ್ಯೆಯನ್ನು ಯಾರು ಬೇಕಾದರೂ ಬರೆಯಬಹುದು. ಆ ಪಾರಂಪರಿಕ ವಸ್ತುಗಳ ಮಾರಾಟ ಕೂಡದೆಂದು ಕೇಂದ್ರ ಗೃಹ ಸಚಿವಾಲಯ 2011ರಲ್ಲೇ ಆದೇಶಿಸಿದೆ.

ಹೆಜ್ಜೆ 3: ಎಲ್ಲಿ?
ಬೆಂಗಳೂರಿನಲ್ಲಾದರೆ ಶಿವಾಜಿನಗರದ ಹಳೇ ಪೀಠೋಪಕರಣದ ಅಂಗಡಿಗಳು. ಗಡಿಯಾರ, ರೇಡಿಯೊ, ಹಿತ್ತಾಳೆ ಸಾಮಾನಿಗೆ ಕೆ.ಆರ್. ಮಾರ್ಕೆಟ್ ಆಸುಪಾಸಿನ ಭಾನುವಾರದ ಚೋರ್ ಬಜಾರು, ಅದೂ ಬೆಳಗ್ಗೆ ಬೇಗ. ಮುಂಬೈಯಲ್ಲಿರುವವರಿಗೆ ಓಶಿವಾರ, ದೆಹಲಿಯಲ್ಲಿರುವವರಿಗೆ ಅಮರ್ ಕಾಲೊನಿ. ಇವೆಲ್ಲಕ್ಕಿಂತ ನನ್ನ ಮೊದಲ ಆಯ್ಕೆ ನೆಂಟರ ಅಟ್ಟ. ಮೊಬೈಲಿನಲ್ಲಿ ಚಿತ್ರ ನೋಡಿ ಮಾತ್ರ ಯಾವತ್ತೂ ಮುಂಗಡ ಕೊಡಬೇಡಿ.

ಹೆಜ್ಜೆ 4: ಮಗುಚಿ
ಇಲ್ಲಿ ಅವಸರ ಬೇಡ. ಅಂಗಡಿಯವರನ್ನು ಕೇಳಿ ಕುರ್ಚಿಯನ್ನು ಬಾಗಿಲ ಬೆಳಕಿಗೆ ತನ್ನಿ, ನೆಲಕ್ಕೆ ಗೋಣಿ ಹಾಸಿ ತಲೆಕೆಳಗೆ ಮಾಡಿ. ಪಾಲಿಶ್ ಮಾಡುವವರು ಕಣ್ಣಿಗೆ ಬೀಳುವ ಕಡೆ ಮಾತ್ರ ಮಾಡುತ್ತಾರೆ. ಆದ್ದರಿಂದ ಮರದ ನಿಜವಾದ ಬಣ್ಣ ಕೆಳಗಿರುತ್ತದೆ. ಹಳೇ ಸಾಗವಾನಿ ತಳದಲ್ಲಿ ಒಣಗಿದ ಜೇನಿನ ಬಣ್ಣಕ್ಕಿರುತ್ತದೆ. ಒಂದೇ ಸಮನೆ ಕಂದು ಬಣ್ಣ ಬಳಿದಿದ್ದರೆ ಉಗುರಿನಿಂದ ಮೂಲೆಯಲ್ಲಿ ಕೆರೆಯಿರಿ. ಒಳಗೆ ಬೆಳ್ಳಗಿನ ಮರ ಕಂಡರೆ ಅದು ಬಹುಮಟ್ಟಿಗೆ ರಬ್ಬರ್ ಮರವೋ ಇನ್ನಾವುದೋ ಅಗ್ಗದ ಮರವೋ ಆಗಿರುತ್ತದೆ. ‘ಬರ್ಮಾ ಟೀಕ್ ಸಾರ್’ ಎಂಬ ಮಾತನ್ನು ಅಂಗಡಿ ಅಂಗಡಿಯಲ್ಲೂ ಕೇಳುತ್ತೀರಿ, ಅದಕ್ಕೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಈಗ ಅಂಗೈಯನ್ನು ಕೂರುವ ಚೌಕಟ್ಟಿನ ಪಟ್ಟಿಯ ಒಳಬದಿಯಲ್ಲಿ ಆಡಿಸಿ. ಕೈಯಿಂದ ಹೆರೆದ ಮರ ಸಣ್ಣ ಅಲೆಗಳಂತೆ ಏರಿಳಿಯುತ್ತದೆ. ಯಂತ್ರದಲ್ಲಿ ಹೆರೆದದ್ದು ಗಾಜಿನಂತೆ ಸಪಾಟಾಗಿರುತ್ತದೆ. ನಮ್ಮಜ್ಜನ ಕಾಲದ ಕುರ್ಚಿಯ ತಳದಲ್ಲಿ ಬಡಗಿ ಉಳಿಯಿಂದ ಹಾಕಿದ ಮೂರು ಗೀಟಿದೆ. ಅದೇ ಮೂರು ಗೀಟು ಬೆತ್ತದ ಚೌಕಟ್ಟಿನ ಕೆಳಗೂ ಇದೆ, ಯಾವ ಚೌಕಟ್ಟು ಯಾವ ಕುರ್ಚಿಗೆ ಎಂದು ತಿಳಿಯಲು. ಅಂಥ ಗುರುತು ಸಿಕ್ಕರೆ ಸಂತೋಷಪಡಿ.

ಆಮೇಲೆ ಕೀಲು. ಎರಡು ಮರ ಕೂಡುವ ಕಡೆ ಬಿದಿರಿನ ಅಥವಾ ಮರದ ಬೆಣೆ ಇದೆಯೇ, ಬರೀ ಮೊಳೆ ಹೊಡೆದಿದ್ದಾರೆಯೇ ನೋಡಿ. ಎದುರುಬದುರು ಕಾಲುಗಳನ್ನು ಹಿಡಿದು ನಿಧಾನವಾಗಿ ತಿರುಚಿ. ಸ್ವಲ್ಪ ಅಲುಗಿದರೆ ಹೆದರಬೇಕಿಲ್ಲ, ಒಳ್ಳೆಯ ಆಚಾರಿಯೊಬ್ಬರು ಕೀಲು ಬಿಚ್ಚಿ ಹೊಸದಾಗಿ ಅಂಟು ಹಾಕಿ ಕೂರಿಸುತ್ತಾರೆ. ಸಂದಿಗೆ ಮರದಪುಡಿ, ಅಂಟು ಕಲಸಿ ತುಂಬಿದ್ದರೆ ಬಿಟ್ಟುಬಿಡಿ. ಅದು ರಿಪೇರಿಯಲ್ಲ, ಬಿರುಕು ಮುಚ್ಚುವ ಕೆಲಸ.

ದುಂಡು ಟೀಪಾಯಿಯಾದರೆ ಟೇಪು ಹಿಡಿದು ಎರಡು ದಿಕ್ಕಿಗೆ ಅಳೆಯಿರಿ. ಮರ ವರ್ಷಗಳು ಕಳೆದಂತೆ ಎಳೆಯ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಗಟ್ಟಿ ಮರದ ಹಳೇ ದುಂಡು ಹಲಗೆ ಕೂದಲೆಳೆಯಷ್ಟಾದರೂ ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಪ್ಲೈವುಡ್ಡಿಗೆ ಈ ಪರೀಕ್ಷೆ ನಡೆಯದು.

ಹೆಜ್ಜೆ 5: ಕುಟ್ಟೆ
ಚಿಕ್ಕಮ್ಮ ಸೋತದ್ದು ಇಲ್ಲೇ. ಕುಟ್ಟೆ ಹುಳು ಗೆದ್ದಲಿನಂತೆ ಮಣ್ಣಿನ ದಾರಿ ಕಟ್ಟುವುದಿಲ್ಲ, ಮರದೊಳಗೇ ಕೂತು ತಿನ್ನುತ್ತದೆ. ಹೊರಗೆ ಕಾಣುವುದು ಗುಂಡುಸೂಜಿ ತಲೆಯಷ್ಟು ತೂತು ಮಾತ್ರ. ಸಾಗವಾನಿಯ ಕೆಚ್ಚನ್ನು ಅದು ಮುಟ್ಟುವುದು ಕಡಿಮೆ, ಅಂಚಿನ ಬಿಳಿ ಭಾಗವನ್ನು ಬಿಡುವುದಿಲ್ಲ. ಹಾಗಾಗಿ ಹಿಂಗಾಲಿನ ಒಳಬದಿ, ಡ್ರಾಯರಿನ ತಳ, ಬೆನ್ನುಹಲಗೆಯ ಹಿಂದೆ ಟಾರ್ಚನ್ನು ಓರೆಯಾಗಿ ಹಿಡಿದು ಹುಡುಕಿ. ತೂತಿನೊಳಗೆ ಕಪ್ಪಾಗಿ ಕೊಳೆ ತುಂಬಿದ್ದರೆ ಹುಳು ಎಂದೋ ಹೋಗಿರಬಹುದು. ಒಳಗೆ ಹೊಸ ಮರದ ಬಿಳುಪಿದ್ದು ಅಂಚು ಚೂಪಾಗಿದ್ದರೆ ಇನ್ನೂ ಇದೆ ಎಂದೇ ತಿಳಿಯಿರಿ. ಕೆಳಗೆ ಕಪ್ಪು ಕಾಗದ ಹಾಸಿ ಕಾಲಿಗೆ ಸುತ್ತಿಗೆಯ ಹಿಡಿಯಿಂದ ನಾಲ್ಕು ಏಟು ಕೊಡಿ. ಪುಡಿ ಉದುರಿತೋ, ವ್ಯಾಪಾರ ಅಲ್ಲಿಗೆ ನಿಲ್ಲಿಸಿ.

ಕೆಲವರು ತೂತಿಗೆ ಮೇಣ ತುಂಬಿ ಗಾಢ ಪಾಲಿಶ್ ಎಳೆಯುತ್ತಾರೆ. ಕಪ್ಪು ಪಾಲಿಶ್ ಮಾಡಿದ ಹಳೇ ಕುರ್ಚಿಯನ್ನು ನಾನು ಕೊಳ್ಳುವುದೇ ಇಲ್ಲ, ನೀವೂ ಕೊಳ್ಳಬೇಡಿ.

ಹೆಜ್ಜೆ 6: ಬೆತ್ತ, ಪಾಲಿಶ್
ಬೆತ್ತ ಜೋತುಬಿದ್ದಿದೆ ಎಂದು ಒಳ್ಳೆಯ ಕುರ್ಚಿ ಬಿಡಬೇಡಿ. ಹರಿದಿರದಿದ್ದರೆ ಬಿಸಿನೀರಿನ ಬಟ್ಟೆಯಿಂದ ಕೆಳಬದಿಯನ್ನು ಚೆನ್ನಾಗಿ ನೆನೆಸಿ ನೆರಳಲ್ಲಿ ಒಣಗಿಸಿ, ಬಹಳಷ್ಟು ಬಿಗಿಯಾಗುತ್ತದೆ. ಪ್ಲಾಸ್ಟಿಕ್ ವಯರಿಗೆ ಇದು ಆಗದು. ಹರಿದಿದ್ದರೆ ಬೆತ್ತದಲ್ಲೇ ಹೆಣೆಸಿ. ನಮ್ಮ ದೇಶದಲ್ಲಿ ಕುರ್ಚಿಗೆ ಬೆತ್ತ ಹೆಣೆಯುವ ಕಸುಬನ್ನು ಎಷ್ಟೋ ಮಂದಿ ಅಂಧರು ಕಲಿತು ಬದುಕು ಕಟ್ಟಿಕೊಂಡಿದ್ದಾರೆ. ಬೆರಳಿನ ಸ್ಪರ್ಶದಿಂದಲೇ ಒಂದೊಂದು ಎಳೆಯ ಬಿಗಿ ಅಳೆಯುವ ಆ ಕೆಲಸ ನೋಡಲೇಬೇಕು.

ಪಾಲಿಶ್ ಯಾವುದೆಂದು ತಿಳಿಯಲು ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಮರೆಯ ಮೂಲೆಯಲ್ಲಿ ಒತ್ತಿ. ಅಂಟಂಟಾದರೆ ಅರಗಿನ ಹಳೇ ಪಾಲಿಶ್, ಏನೂ ಆಗದಿದ್ದರೆ ಬಹುಶಃ ಈಚಿನ ಪಿಯು (ಪಾಲಿಯುರೆಥೇನ್) ಲೇಪ. ಹೊಳಪಿನ ಪಿಯು ಲೇಪವನ್ನು ಹಳೇ ಸಾಗವಾನಿಗೆ ಹಾಕಿಸಬೇಡಿ, ಮರ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ‘ಒಂದೇ ನಿಮಿಷದ ಹೊಳಪು’ ಸ್ಪ್ರೇಗಳೂ ಬೇಡ. ಅರಗಿನ ಪಾಲಿಶ್ ಮತ್ತು ಜೇನುಮೇಣ ಸಾಕು.

ಮಿಕ್ಕ ಸಾಮಾನಿಗೆ ಇಷ್ಟೇ: ಎನಾಮಲ್ ತಟ್ಟೆಯ ಲೇಪ ಎದ್ದಿದ್ದರೆ ಗೋಡೆಗೆ ತೂಗುಹಾಕಿ, ಅದರಲ್ಲಿ ಉಣ್ಣಬೇಡಿ. ವಾಲ್ವ್ ರೇಡಿಯೊವನ್ನು ತಿಳಿದವರು ಪರೀಕ್ಷಿಸುವ ತನಕ ಪ್ಲಗ್ಗಿಗೆ ಹಾಕಬೇಡಿ. ಹೊರದೇಶದಲ್ಲಿರುವ ಮಕ್ಕಳಿಗೆ ಅಜ್ಜಿಯ ಬೀಟೆ ಮಂಚ ಕಳಿಸುವ ಆಸೆಯಿದ್ದರೆ ಮೊದಲು ಪರವಾನಗಿ ವಿಚಾರಿಸಿ. ಬೀಟೆಯ ಜಾತಿಯ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ.

ಹೆಜ್ಜೆ 7: ಮನೆಗೆ
ಟೆಂಪೊ ಬಾಡಿಗೆಯನ್ನು ಬೆಲೆಯ ಮಾತಿನಲ್ಲೇ ಸೇರಿಸಿ. ಕುರ್ಚಿಯನ್ನು ಬೆನ್ನು ಹಿಡಿದು ಎತ್ತಬಾರದು, ಕೂರುವ ಚೌಕಟ್ಟು ಹಿಡಿದು ಎತ್ತಬೇಕು. ಬಂದ ದಿನವೇ ನಡುಮನೆಗೆ ಒಯ್ಯದೆ, ಬಾಲ್ಕನಿಯಲ್ಲೋ ಜಗಲಿಯಲ್ಲೋ ಕಪ್ಪು ಕಾಗದದ ಮೇಲೆ ಹದಿನೈದು ದಿನ ನಿಲ್ಲಿಸಿ, ದಿನಾ ಬೆಳಗ್ಗೆ ಕಾಗದ ನೋಡಿ.